ಕುಂಭಾರಜುವೆ ಕಾಲುವೆಯಲ್ಲಿ ಹಳೆ ಗಡಿ ಹುಡುಕಿದ್ದು

ನನ್ನೂರು ವಿಜಯಪುರ, ಅನ್ನ ಕೊಡುತ್ತಿರುವುದು ಪಣಜಿ. ಈ ಎರಡು ಊರುಗಳ ನಡುವೆ ಒಂದು ಕಾಲದಲ್ಲಿ ಸೈನ್ಯ ಕಾಯುತ್ತಿದ್ದ ಗಡಿ ಇತ್ತು. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡ. 1512ರಲ್ಲಿ ಬಾಣಸ್ತಾರಿಯಲ್ಲಿ ಬೀಡುಬಿಟ್ಟಿದ್ದ ಬಿಜಾಪುರದ ಪಡೆಯನ್ನೂ ಹೊರಹಾಕಿದ. ಅಲ್ಲಿಂದ ಈಗಿನ ಪಣಜಿ ಇರುವ ತಿಸವಾಡಿ ಪೋರ್ಚುಗೀಸರದು, ನೀರಿನಾಚೆಯ ಫೋಂಡಾ ಬಿಜಾಪುರದ್ದು. ನಡುವಿನ ನೀರೇ ಮಾಂಡವಿ ಮತ್ತು ಜುವಾರಿ ನದಿಗಳನ್ನು ಜೋಡಿಸುವ ಕುಂಭಾರಜುವೆ ಕಾಲುವೆ. ಫೋಂಡಾ ಬಸ್ಸಿನಲ್ಲಿ ಹೋಗುವವರು ಬಾಣಸ್ತಾರಿ ಸೇತುವೆ ಮೇಲೆ ಅದನ್ನು ಕ್ಷಣದಲ್ಲಿ ದಾಟಿಬಿಡುತ್ತಾರೆ.

ಈ ಹಳೆ ಗಡಿಯ ಗುರುತು ಹುಡುಕುವಾಗ ನಾನು ಮೊದಲು ನೋಡುವುದು ಕೋಟೆಯನ್ನಲ್ಲ, ನೀರನ್ನು. ಇಳಿತದ ಹೊತ್ತು ನೋಡಿಕೊಂಡು ಹೊರಡುತ್ತೇನೆ. ನೀರು ಇಳಿದಾಗ ಎಲ್ಲಿ ಆಳ ಕಮ್ಮಿ ಅಂತ ಕಣ್ಣಿಗೇ ಕಾಣುತ್ತದೆ. ಶತ್ರು ನಡೆದು ದಾಟಬಹುದಾದ ಜಾಗ ಅದೇ ಅಲ್ವಾ? ಪೋರ್ಚುಗೀಸರು ಕಾವಲು ಹಾಕಿದ್ದೂ ಅಂಥ ಕಡೆಗಳಲ್ಲೇ. ಈ ಕಾಲುವೆಯಲ್ಲಿ ಇಂದಿಗೂ ಮೊಸಳೆಗಳಿವೆ. ಕಾವಲಿಗೆಂದೇ ಅವನ್ನು ತಂದು ಬಿಟ್ಟರು ಎಂಬ ಕತೆ ಇಲ್ಲಿ ಚಾಲ್ತಿಯಲ್ಲಿದೆ. ಕತೆ ಹೇಗೇ ಇರಲಿ, ನೀರಿಗೆ ಮಾತ್ರ ಇಳಿಯಬೇಡಿ.

ಹಳೆ ಕೋಟೆಗೋಡೆಯ ತುಂಡುಗಳು ಕಾಲುವೆ ದಡದ ಗೌಂದಾಲಿ ಕಡೆ ಗಿಡಗಂಟಿಗಳ ನಡುವೆ ಸಿಗುತ್ತವೆ. ಇಲ್ಲಿ ಹುಷಾರಾಗಿರಬೇಕು. ದಡದುದ್ದಕ್ಕೂ ಗಜನಿ ಗದ್ದೆಗಳ, ಅಂದರೆ ಉಪ್ಪುನೀರಿನಂಚಿನ ಗದ್ದೆಗಳ ಒಡ್ಡುಗಳಿವೆ, ಅವಕ್ಕೂ ಚಿರೆಕಲ್ಲೇ ಬಳಸಿದ್ದಾರೆ. ಒಡ್ಡು ತಗ್ಗು, ಕಲ್ಲಿನ ಹಿಂದೆ ಬರೀ ಮಣ್ಣು, ಗದ್ದೆಯ ಅಂಚನ್ನೇ ಹಿಡಿದು ಹೋಗುತ್ತದೆ. ಕೋಟೆಯ ಗೋಡೆ ದಪ್ಪ, ಕಲ್ಲುಗಳ ನಡುವೆ ಸುಣ್ಣದ ಗಾರೆ ಇರುತ್ತದೆ.

ಆದರೆ ಗಡಿ ನನಗೆ ನಿಜವಾಗಿ ಕಂಡದ್ದು ಗೋಡೆಗಳಿಂದಲ್ಲ, ದೇವರುಗಳಿಂದ. ಒಂದು ನಕ್ಷೆ ತೆಗೆದುಕೊಂಡೆ. ಪ್ರತಿ ದೇವರ ಮೂಲ ಊರು ಮತ್ತು ಈಗಿನ ಊರಿನ ನಡುವೆ ಗೆರೆ ಎಳೆದೆ. ಮಂಗೇಶಿ ಕುಶಸ್ಥಳಿಯಿಂದ ಪ್ರಿಯೋಳಕ್ಕೆ. ಶಾಂತಾದುರ್ಗೆ ಕೇಳೋಶಿಯಿಂದ ಕವಳೆಗೆ. ಮಹಾಲಸಾ ವೆರ್ಣೆಯಿಂದ ಮಾರ್ದೋಳಕ್ಕೆ. ರಾಮನಾಥ ಲೋಟಲಿಯಿಂದ ಬಾಂದಿವಡೆಗೆ. ಎಲ್ಲ ಗೆರೆಗಳೂ ಜುವಾರಿ ದಾಟಿ ಫೋಂಡಾ ಸೀಮೆಗೆ ಬಂದು ನಿಂತವು. 16ನೇ ಶತಮಾನದಲ್ಲಿ ಪೋರ್ಚುಗೀಸರು ಜುವಾರಿಯ ದಕ್ಷಿಣದ ಸಾಷ್ಟಿಯಲ್ಲಿ ದೇವಸ್ಥಾನಗಳನ್ನು ಕೆಡವತೊಡಗಿದಾಗ ಜನ ಮೂರ್ತಿಗಳನ್ನು ಹೊತ್ತು ಆದಿಲ್‌ಶಾಹಿ ನೆಲಕ್ಕೆ ಬಂದಿದ್ದರು. ಹಿಂದೂ ದೇವರುಗಳಿಗೆ ಆಸರೆ ಸಿಕ್ಕಿದ್ದು ನಮ್ಮ ಬಿಜಾಪುರದ ಸುಲ್ತಾನರ ಸೀಮೆಯಲ್ಲಿ. ಅದೇ ಫೋಂಡಾದಲ್ಲಿ 1560ರ ಸಫಾ ಮಸೀದಿಯೂ ಇದೆ. ಈ ಎರಡನ್ನೂ ಒಟ್ಟಿಗೆ ನೋಡದೆ ಫೋಂಡಾ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮುಂದೆ ಫೋಂಡಾ ಹಲವು ಕೈ ಬದಲಾಯಿಸಿತು. ಕೊನೆಗೆ ಅದು ಸೋದೆ ಅರಸರ ಕೈಯಲ್ಲಿತ್ತು. ಹೈದರಾಲಿಯ ದಾಳಿಗೆ ಸಿಕ್ಕ ಆ ಅರಸರು ಗೋವಾಕ್ಕೆ ಬಂದು ಪೋರ್ಚುಗೀಸರ ಆಶ್ರಯ ಪಡೆದರು. 1763ರಲ್ಲಿ ಫೋಂಡಾ ಪೋರ್ಚುಗೀಸರ ವಶವಾಯಿತು. ಕಾಲುವೆಯ ಗಡಿಗೆ ಆಮೇಲೆ ಕೆಲಸವಿರಲಿಲ್ಲ.

ನೀವು ಹೊಸದಾಗಿ ಶುರು ಮಾಡುವುದಾದರೆ ದಿವಾಡಿ ದ್ವೀಪದಿಂದ ಮಾಡಿ. ಗೋವೆಯ ಕದಂಬರ ಕುಲದೇವರು ಸಪ್ತಕೋಟೀಶ್ವರ. ಅವರ ನಾಣ್ಯಗಳ ಮೇಲೂ ಆ ಹೆಸರಿದೆ. ಆ ದೇವರ ಹಳೆ ಜಾಗದ ಕೋಟಿತೀರ್ಥ ಎಂಬ ಕೆರೆ ದಿವಾಡಿಯಲ್ಲಿದೆ. ಅಲ್ಲಿಂದ ಫೆರಿ ಹತ್ತಿ ಮಾಂಡವಿ ದಾಟಿದರೆ ಡಿಚೋಲಿಯ ನಾರ್ವೆ. ಅಲ್ಲಿಗೆ ಹೋಗಿ ಸೇರಿದ ಸಪ್ತಕೋಟೀಶ್ವರನಿಗೆ ಶಿವಾಜಿ 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದ ದೇವಸ್ಥಾನ ಅಲ್ಲೇ ಇದೆ. ಬಿಟ್ಟ ಜಾಗ, ಸೇರಿದ ಜಾಗ, ನಡುವಿನ ನೀರು, ಮೂರನ್ನೂ ಒಂದೇ ಬೆಳಗ್ಗೆ ನೋಡಬಹುದು.