ಗೇರ್‌ಬಾಕ್ಸ್ ಕೊಳ್ಳುವಾಗ ಎಚ್‌ಪಿ ಒಂದನ್ನೇ ಹೇಳಬೇಡಿ

ಕನ್ವೇಯರ್‌ಗೆ ಗೇರ್‌ಬಾಕ್ಸ್ ಹುಡುಕುತ್ತಿರುವವರು ಅಂಗಡಿಯಲ್ಲಿ ‘ಮೂರು ಎಚ್‌ಪಿಯದು ಕೊಡಿ’ ಎಂದಷ್ಟೇ ಕೇಳಬೇಡಿ. ಮೊದಲು ಬೆಲ್ಟನ್ನು ಎಳೆಯುವ ಡ್ರಮ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂದು ಲೆಕ್ಕ ಹಾಕಿ. ಮೋಟಾರು 1440 ಸುತ್ತಿನದು, ಡ್ರಮ್‌ಗೆ 36 ಸಾಕು ಎಂದರೆ ಅನುಪಾತ 40:1. ಆಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ: ಕಿಲೋವ್ಯಾಟನ್ನು 9550ರಿಂದ ಗುಣಿಸಿ, ಡ್ರಮ್‌ನ ಸುತ್ತಿನಿಂದ ಭಾಗಿಸಿ. ಮೂರು ಎಚ್‌ಪಿ, ಅಂದರೆ 2.2 ಕಿಲೋವ್ಯಾಟ್‌ಗೆ ಸುಮಾರು 584 ನ್ಯೂಟನ್ ಮೀಟರ್ ಬರುತ್ತದೆ.

ಇದು ಕಾಗದದ ಮೇಲಿನ ಅಂಕಿ. ಇಷ್ಟು ದೊಡ್ಡ ಅನುಪಾತದಲ್ಲಿ ವರ್ಮ್ ಗೇರ್‌ಬಾಕ್ಸ್ (ತಿರುಪಿನಂಥ ಗೇರು ಹಲ್ಲಿನ ಚಕ್ರವನ್ನು ತಿರುಗಿಸುವಂಥದ್ದು) ಕಾಲು ಭಾಗದಷ್ಟು ಶಕ್ತಿಯನ್ನು ಶಾಖವಾಗಿ ಕಳೆದುಬಿಡಬಹುದು. ಓರೆ ಹಲ್ಲಿನ ಗೇರುಗಳಿರುವ ಹೆಲಿಕಲ್‌ನಲ್ಲಿ ಪ್ರತಿ ಹಂತಕ್ಕೆ, ಅಂದರೆ ಒಂದು ಜೋಡಿ ಗೇರಿಗೆ, ನಷ್ಟ ಶೇಕಡಾ ಎರಡು ಮೂರು ಅಷ್ಟೇ. ಎರಡು ಪಾಳಿ ಓಡುವ ಯಂತ್ರಕ್ಕೆ, ಬೆಲೆ ಹೆಚ್ಚಾದರೂ, ಹೆಲಿಕಲ್ ಅನ್ನೇ ಹಾಕಿಸಿ ಎಂದು ಒತ್ತಿ ಹೇಳುತ್ತೇನೆ.

ಜಲ್ಲಿ ಹೊತ್ತು ಪದೇ ಪದೇ ನಿಂತು ಹೊರಡುವ ಕನ್ವೇಯರ್‌ಗೆ ಸರ್ವಿಸ್ ಫ್ಯಾಕ್ಟರ್ (ಲೆಕ್ಕದ ಹೊರೆಯ ಎಷ್ಟು ಪಟ್ಟನ್ನು ಗೇರ್‌ಬಾಕ್ಸ್ ತಾಳಬಲ್ಲದು ಎಂಬ ಅಂಕಿ) 1.5ಕ್ಕಿಂತ ಕಡಿಮೆ ಒಪ್ಪಬೇಡಿ. ಇಳಿಜಾರಿನಲ್ಲಿದ್ದರೆ ವರ್ಮ್ ತಾನೇ ಹಿಡಿದು ನಿಲ್ಲಿಸುತ್ತದೆ ಎಂದು ನಂಬಲೇಬೇಡಿ. ಬ್ರೇಕ್ ಅಥವಾ ಬ್ಯಾಕ್‌ಸ್ಟಾಪ್ (ಹಿಂದಕ್ಕೆ ತಿರುಗದಂತೆ ತಡೆಯುವ ಸಾಧನ) ಬೇಕೇ ಬೇಕು. ಕೆಳಗೆ ಕೆಲಸ ಮಾಡುವವರ ಜೀವದ ಪ್ರಶ್ನೆ ಅದು. ಗೇರ್‌ಬಾಕ್ಸನ್ನು ನೆಟ್ಟಗೆ ಕೂರಿಸುತ್ತೀರೋ ಅಡ್ಡಲಾಗಿಯೋ ಎಂಬುದನ್ನೂ ಆರ್ಡರ್‌ನಲ್ಲಿ ಬರೆಯಿರಿ; ಎಣ್ಣೆಯ ಮಟ್ಟ, ಒಳಗಿನ ಗಾಳಿ ಹೊರಹೋಗುವ ಬ್ರೀದರ್‌ನ ಜಾಗ ಅದರ ಮೇಲೆಯೇ ನಿರ್ಧಾರವಾಗುತ್ತವೆ.