30-40 ಸೈಟಿನಲ್ಲಿ ನಾಟಿ ಹೇಟೆ ಕಾವಿಗೆ ಕೂರಿಸಿ ಮರಿ ಮಾಡಿಸುವುದು: ನನ್ನ ಅನುಭವ

ಮನೆಯಲ್ಲಿ ಕೋಳಿ ಸಾಕಬೇಕು ಅಂತ ಇರುವವರು ನನ್ನ ಹತ್ತಿರ ಮೊದಲು ಕೇಳುವುದು, ಮೊಟ್ಟೆಗೆ ಕಾವು ಕೊಡೋಕೆ ಯಾವ ಇನ್‌ಕ್ಯುಬೇಟರ್ ಮೆಷಿನ್ ತಗೋಬೇಕು ಅಂತ. ಮೆಷಿನ್ ಆಮೇಲೆ ನೋಡೋಣ, ಮೊದಲು ಒಂದು ಒಳ್ಳೆ ನಾಟಿ ಹೇಟೆ, ಅಂದರೆ ಹೆಣ್ಣು ಕೋಳಿ, ಹುಡುಕಿ ಅನ್ನುತ್ತೇನೆ. ಬೆಂಗಳೂರಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಮೆಷಿನ್ನಿಗೆ 21 ದಿನವೂ 37.5 ಡಿಗ್ರಿ ಬೇಕು, ದಿನಕ್ಕೆ ಮೂರ್ನಾಲ್ಕು ಸಲ ಮೊಟ್ಟೆ ತಿರುಗಿಸಬೇಕು, ಕೊನೆಯ ಮೂರು ದಿನ ತೇವ ಜಾಸ್ತಿ ಮಾಡಬೇಕು, ಮರಿ ಬಂದ ಮೇಲೆ ಬಲ್ಬು ಹಾಕಿ ವಾರಗಟ್ಟಲೆ ಬೆಚ್ಚಗೆ ಇಡಬೇಕು. ಕಾವಿಗೆ ಬಂದ ಹೇಟೆ ಇಷ್ಟನ್ನೂ ತಾನೇ ಮಾಡುತ್ತದೆ. ಮರಿಗೆ ಕೆದಕಿ ತಿನ್ನೋದು ಕಲಿಸುತ್ತದೆ. ನಮ್ಮ ಕೆಲಸ ಇರೋದು ಅದಕ್ಕೆ ಮುಂಚೆ ಮತ್ತು ಅದಾದ ಮೇಲೆ.

ನಮ್ಮದು ಚಿಕ್ಕಬಾಣಾವರದ ಕಡೆ, 30-40 ಸೈಟು. ಮನೆ ಹಿಂದೆ ಸ್ವಲ್ಪ ಜಾಗ, ಪಕ್ಕದಲ್ಲಿ ಖಾಲಿ ಸೈಟು. ಅದರ ಓನರ್ ಬೇಲಿ ಹಾಕಿಕೊಂಡು ಕೋಳಿ ಬಿಡಿ, ಗಿಡಗಂಟಿ ಬೆಳೆಯದಿದ್ದರೆ ಸಾಕು ಅಂದರು. ಅಲ್ಲಿ ಕೆಲವು ನಾಟಿ ಹೇಟೆ, ಕೆಲವು ಸ್ವರ್ಣಧಾರ ಅನ್ನೋ ಸುಧಾರಿತ ತಳಿಯವು, ಒಂದೇ ಒಂದು ಹುಂಜ. ಜಾಗ ಇಷ್ಟೇ ಇರೋದರಿಂದ ಯಾವ ಕೋಳಿ ಇಟ್ಟುಕೊಳ್ಳಬೇಕು ಅನ್ನೋದನ್ನ ಯೋಚಿಸಿಯೇ ಮಾಡಬೇಕು.

ತಳಿ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಗಿರಿರಾಜ ಹುಟ್ಟಿದ್ದೇ ಹೆಬ್ಬಾಳದಲ್ಲಿ, 2005ರಲ್ಲಿ ಬಂದ ಸ್ವರ್ಣಧಾರವೂ ಅಲ್ಲಿಯದೇ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ. ಈ ಸುಧಾರಿತ ತಳಿಗಳು ನಾಟಿಗಿಂತ ಜಾಸ್ತಿ ಮೊಟ್ಟೆ ಇಡುತ್ತವೆ, ಆದರೆ ಕಾವಿಗೆ ಕೂರೋದು ಅಪರೂಪ. ನಾಟಿ ಹತ್ತು ಹದಿನೈದು ಮೊಟ್ಟೆ ಇಟ್ಟು ನಿಲ್ಲಿಸಿ ಕೂತೇಬಿಡುತ್ತದೆ. ಹಾಗಾಗಿ ನಾನು ಸ್ವರ್ಣಧಾರದ ಮೊಟ್ಟೆಯನ್ನೂ ನಾಟಿ ಹೇಟೆ ಅಡಿಯಲ್ಲೇ ಇಡುತ್ತೇನೆ. ಒಂದು ವಿಷಯ ಮಾತ್ರ ಗೊತ್ತಿರಲಿ. ಇವು ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಮಾಡಿದ ತಳಿ. ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ತಲೆಮಾರಿನಲ್ಲಿ ಅದೇ ತೂಕ, ಅಷ್ಟೇ ಮೊಟ್ಟೆ ಸಿಗಲ್ಲ. ಮನೆ ಮಟ್ಟಿಗೆ ನನಗೆ ಅದು ಸಾಕು, ಮಾರಾಟಕ್ಕೆ ಮಾಡುವವರು ಪ್ರತಿ ಸಲ ಹೊಸ ಮರಿ ತರೋದೇ ಸರಿ.

ಹುಂಜ ಹಗುರವಾಗಿರಬೇಕು. ಗಿರಿರಾಜ ಹುಂಜ ಬೆಳೆದರೆ 4 ಕೆಜಿ ಹತ್ತಿರ ಬರುತ್ತದೆ, ನಮ್ಮ ನಾಟಿ ಹೇಟೆ ಒಂದೂಕಾಲು ಒಂದೂವರೆ ಕೆಜಿ. ಅಷ್ಟು ಭಾರದ್ದು ಮೇಲೆ ಹತ್ತಿದರೆ ಹೇಟೆ ಬೆನ್ನಿನ ಪುಕ್ಕ ಕಿತ್ತು ಚರ್ಮವೇ ಸೀಳಿಹೋಗುತ್ತದೆ. ಅದಕ್ಕೇ ನಮ್ಮಲ್ಲಿರೋದು ನಾಟಿ ಹುಂಜ. ಎಂಟರಿಂದ ಹತ್ತು ಹೇಟೆಗೆ ಒಂದು ಹುಂಜ ಸಾಕು. ಎರಡು ಇಟ್ಟರೆ ಕಾದಾಟವೇ ಜಾಸ್ತಿ. ಹುಂಜ ಆರಿಸುವಾಗ ಜುಟ್ಟು, ಬಣ್ಣ ಎಲ್ಲ ನೋಡ್ತಾರೆ, ನಾನು ಮೊದಲು ನೋಡೋದು ಕಾಲು. ಬೆರಳು ನೆಟ್ಟಗಿರಬೇಕು, ಪಾದದಲ್ಲಿ ಗಂಟು ಇರಬಾರದು. ಆಮೇಲೆ ಒಂದು ಹಿಡಿ ಕಾಳು ಹಾಕಿ ದೂರ ನಿಂತು ನೋಡುತ್ತೇನೆ. ಒಳ್ಳೆ ಹುಂಜ ತಾನು ಮುಕ್ಕದೆ ಕಾಳನ್ನ ಕೊಕ್ಕಿನಲ್ಲಿ ಎತ್ತಿ ಬಿಟ್ಟು, ಎತ್ತಿ ಬಿಟ್ಟು ಹೇಟೆಗಳನ್ನ ಕರೆಯುತ್ತದೆ. ಅಂಥದ್ದು ಹಿಂಡನ್ನ ಚೆನ್ನಾಗಿ ನೋಡಿಕೊಳ್ಳುತ್ತದೆ.

ಇನ್ನು ತಿನ್ನಿಸೋದು. ಮರಿ ಚೆನ್ನಾಗಿ ಬರಬೇಕು ಅಂದರೆ ಮೊಟ್ಟೆ ಕೂಡಿಡೋಕೆ ಮೂರ್ನಾಲ್ಕು ವಾರ ಮುಂಚಿನಿಂದಲೇ ಹೇಟೆ, ಹುಂಜ ಎರಡಕ್ಕೂ ಒಳ್ಳೆ ಮೇವು ಬೀಳಬೇಕು. ಮೊಟ್ಟೆಯೊಳಗಿನ ಮರಿಗೆ 21 ದಿನ ಇರೋದು ಅದರಲ್ಲಿರುವ ಊಟ ಮಾತ್ರ, ಹೊರಗಿನಿಂದ ಏನೂ ಹೋಗಲ್ಲ. ಬರೀ ಅಕ್ಕಿ ಅನ್ನ ತಿಂದ ಕೋಳಿಯೂ ಮೊಟ್ಟೆ ಇಡುತ್ತದೆ, ಅದನ್ನ ತಿನ್ನಬಹುದು, ಆದರೆ ಅದರಿಂದ ಗಟ್ಟಿ ಮರಿ ಬರೋದು ಕಷ್ಟ. ನಾನು ಅಂಗಡಿಯ ಲೇಯರ್ ಫೀಡನ್ನೇ (ಮೊಟ್ಟೆ ಇಡುವ ಕೋಳಿಯ ಮೇವು) ಮುಖ್ಯ ಮಾಡಿಕೊಂಡಿದ್ದೇನೆ, ಒಂದು ಕೋಳಿಗೆ ದಿನಕ್ಕೆ ನೂರು ನೂರಿಪ್ಪತ್ತು ಗ್ರಾಂ. ನಾಟಿಗೆ ಅದಕ್ಕಿಂತ ಕಮ್ಮಿ ಸಾಕು, ಅದು ಮಣ್ಣು ಕೆದಕಿ ಹುಳ ಹುಪ್ಪಟೆ ತಿಂದು ತುಂಬಿಕೊಳ್ಳುತ್ತದೆ. ಅದರ ಜೊತೆ ಸಂಜೆ ಹೊತ್ತು ರಾಗಿ, ಮುಸುಕಿನ ಜೋಳದ ನುಚ್ಚು. ಇವನ್ನ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಮೂಟೆ ಲೆಕ್ಕದಲ್ಲಿ ತರುತ್ತೇವೆ. ಸೊಪ್ಪು ದಿನಾ ಬೇಕೇ ಬೇಕು: ನುಗ್ಗೆ, ಅಗಸೆ, ತರಕಾರಿ ಅಂಗಡಿಯವರು ಬಿಸಾಡುವ ಕೋಸಿನ ಎಲೆ, ಏನು ಸಿಕ್ಕರೆ ಅದು. ಕಪ್ಪೆಚಿಪ್ಪಿನ ಚೂರನ್ನ ಬೇರೆ ಬಟ್ಟಲಲ್ಲಿ ಇಡುತ್ತೇನೆ, ಬೇಕಾದ ಹೇಟೆ ಬೇಕಾದಷ್ಟು ತಿನ್ನುತ್ತದೆ.

ಕಡಲೆಕಾಯಿ ಹಿಂಡಿ ಅಗ್ಗ ಅಂತ ತುಂಬ ಜನ ಹಾಕುತ್ತಾರೆ. ಮಳೆಗಾಲದಲ್ಲಿ ದಯವಿಟ್ಟು ಬೇಡ. ಅದರಲ್ಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರುತ್ತದೆ, ಕೋಳಿಯ ಲಿವರ್ ಹಾಳಾಗುತ್ತದೆ. ಬಿಸಿಲಲ್ಲಿ ಒಣಗಿಸಿದರೂ, ಬೇಯಿಸಿದರೂ ಆ ವಿಷ ಹೋಗಲ್ಲ. ಮುಗ್ಗಲು ವಾಸನೆ ಬಂದ ಮೇವು ತಿಪ್ಪೆಗೆ ಹೋಗಲಿ.

ಮರಿಗೆ ಇಡುವ ಮೊಟ್ಟೆಯನ್ನ ತೊಳೆಯಬಾರದು. ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಕ್ರಿಮಿ ಒಳಗೆ ಇಳಿಯುತ್ತದೆ. ತೀರಾ ಉದ್ದ, ತೀರಾ ಗುಂಡು, ಚಿಪ್ಪು ತೆಳು ಇರೋದು ಅಡುಗೆಮನೆಗೆ. ಮಿಕ್ಕಿದ್ದನ್ನ ರಾಗಿ ತುಂಬಿದ ಡಬ್ಬಿಯಲ್ಲಿ ಚೂಪು ತುದಿ ಕೆಳಗೆ ಮಾಡಿ ತಂಪಾದ ಮೂಲೆಯಲ್ಲಿ ಇಡುತ್ತೇನೆ. ಪ್ರತಿ ಮೊಟ್ಟೆ ಮೇಲೆ ಪೆನ್ಸಿಲಿನಲ್ಲಿ ತಾರೀಖು. ಡಿಸೆಂಬರ್ ಜನವರಿಯಲ್ಲಿ ಒಂದು ವಾರದವರೆಗೆ ತೊಂದರೆ ಇಲ್ಲ, ಏಪ್ರಿಲ್ ಸೆಕೆಯಲ್ಲಿ ನಾಲ್ಕೈದು ದಿನ ಮೀರಿದ್ದನ್ನ ನಾನು ಇಡಲ್ಲ.

ಹೇಟೆ ನಿಜವಾಗಿ ಕಾವಿಗೆ ಬಂದಿದೆಯೋ ಇಲ್ಲವೋ ಅನ್ನೋದನ್ನ ಮೊದಲು ನೋಡಿಕೊಳ್ಳಬೇಕು. ಗೂಡಲ್ಲಿ ಕೂತಿದೆ ಅಂದ ಮಾತ್ರಕ್ಕೆ ಕಾವಲ್ಲ. ಕೈಯನ್ನ ಮೆಲ್ಲಗೆ ಹೊಟ್ಟೆ ಕೆಳಗೆ ತೂರಿಸಿ. ಎದ್ದು ಓಡಿದರೆ ಇನ್ನೂ ಬಂದಿಲ್ಲ. ಪುಕ್ಕ ಎಲ್ಲ ಉಬ್ಬಿಸಿ, ಗುರ್ ಅಂದು, ಕೈ ಕುಕ್ಕಿ, ಆದರೂ ಅಲ್ಲೇ ಕೂತರೆ ಬಂದಿದೆ. ಹೊಟ್ಟೆ ಕೆಳಗಿನ ಪುಕ್ಕ ಉದುರಿ ಬರೀ ಚರ್ಮ ಬಿಸಿಬಿಸಿಯಾಗಿ ಕೈಗೆ ತಾಗುತ್ತದೆ. ಅಂಥ ಹೇಟೆಗೆ ಎರಡು ದಿನ ಒಂದೆರಡು ಹಳೆ ಮೊಟ್ಟೆ ಕೊಟ್ಟು ನೋಡಿ, ಆಮೇಲೆ ಒಳ್ಳೆ ಮೊಟ್ಟೆಗಳನ್ನ ರಾತ್ರಿ ಹೊತ್ತು, ಎಲ್ಲವನ್ನೂ ಒಂದೇ ಸಲ ಇಡುತ್ತೇನೆ. ಹತ್ತು ಹನ್ನೆರಡಕ್ಕಿಂತ ಜಾಸ್ತಿ ಬೇಡ, ಅಂಚಿನವು ತಣ್ಣಗಾಗುತ್ತವೆ.

ಗೂಡು ಅಂದರೆ ಬಿದಿರಿನ ಮಂಕರಿ. ತಳಕ್ಕೆ ಎರಡು ಇಂಚು ಮಣ್ಣು, ಮೇಲೆ ಒಣಹುಲ್ಲು, ಹುಲ್ಲಿನ ಜೊತೆ ಬೇವಿನ ಸೊಪ್ಪು ಸೇರಿಸಿದರೆ ಹೇನಿನ ಕಾಟ ಕಡಿಮೆ. ಬೇಸಿಗೆಯಲ್ಲಿ ಇಲ್ಲಿನ ಗಾಳಿ ತುಂಬ ಒಣಗಿರುತ್ತದೆ. ಆಗ ಕೊನೆಯ ದಿನಗಳಲ್ಲಿ ಮಂಕರಿ ಅಂಚಿನ ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸುತ್ತೇನೆ. ನಮ್ಮ ಅತ್ತೆ ಮಾಗಡಿ ಕಡೆಯವರು, ಮಂಕರಿಯಲ್ಲಿ ಒಂದು ಮೊಳೆ, ಒಂದು ಇದ್ದಿಲ ಚೂರು ಇಟ್ಟೇ ಇಡುತ್ತಾರೆ. "ಗುಡುಗಿಗೆ ಮೊಟ್ಟೆ ಕೆಡಬಾರದು ಕಣಮ್ಮ" ಅನ್ನುತ್ತಾರೆ. ನಾನು ತೆಗೆಯಲ್ಲ. ಅವರ ಕೈಯಲ್ಲಿ ಮರಿಯಾದ ಕೋಳಿಗಳಿಗೆ ಲೆಕ್ಕವಿಲ್ಲ, ಕಾವಿನ ಹೇಟೆ ಹಿಡಿಯೋದನ್ನ ನಾನು ಕಲಿತದ್ದೇ ಅವರಿಂದ.

ಕಾವಿಗೆ ಕೂತ ಹೇಟೆ ದಿನಕ್ಕೆ ಒಂದು ಸಲ, ಹದಿನೈದು ಇಪ್ಪತ್ತು ನಿಮಿಷ ಹೊರಗೆ ಬರುತ್ತದೆ. ತಿಂದು, ಕುಡಿದು, ದೊಡ್ಡದಾಗಿ ಹಿಕ್ಕೆ ಹಾಕಿ, ಬೂದಿ ಮಣ್ಣಲ್ಲಿ ಹೊರಳಿ ವಾಪಸ್ ಹೋಗುತ್ತದೆ. ಆಗ ಇಡೀ ಜೋಳ, ರಾಗಿ ಕೊಡಿ. ತೆಳ್ಳಗೆ ಭೇದಿಯಾಗಿ ಮೊಟ್ಟೆ ಮೇಲೆ ಹಾಕುವುದು ತಪ್ಪುತ್ತದೆ. ಕೆಲವು ಹೇಟೆ ಏಳೋದೇ ಇಲ್ಲ, ಅವನ್ನ ನಾವೇ ಎತ್ತಿ ಹೊರಗೆ ಬಿಡಬೇಕು.

ಏಳನೇ ದಿನ ರಾತ್ರಿ ಮೊಟ್ಟೆ ಪರೀಕ್ಷೆ. ಬಾತ್‌ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ರಟ್ಟಿನ ಸುರುಳಿ ಇಟ್ಟು, ಮೊಟ್ಟೆಯ ಅಗಲ ತುದಿಯನ್ನ ಅದಕ್ಕೆ ಹಿಡಿಯಿರಿ. ಮಧ್ಯದಲ್ಲಿ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಜೇಡರ ಬಲೆಯ ಹಾಗೆ ಕೆಂಪು ನರ ಹರಡಿದ್ದರೆ ಮರಿ ಬೆಳೆಯುತ್ತಿದೆ. ಸ್ವಲ್ಪ ಹೊತ್ತು ಅಲ್ಲಾಡದೆ ಹಿಡಿದರೆ ಆ ಚುಕ್ಕೆ ಮಿಸುಕುವುದೂ ಕಾಣುತ್ತದೆ. ಪೂರ್ತಿ ತಿಳಿಯಾಗಿದ್ದರೆ ಹುಂಜ ಕೂಡದ ಮೊಟ್ಟೆ. ಕೆಂಪು ಉಂಗುರ ಮಾತ್ರ ಕಂಡರೆ ಮರಿ ಶುರುವಾಗಿ ಸತ್ತಿದೆ, ಅದನ್ನ ತೆಗೆದುಬಿಡಿ. ಹಾಗೇ ಬಿಟ್ಟರೆ ಕೊಳೆತು ಒಡೆದು ಮಿಕ್ಕಿದ್ದನ್ನೂ ಕೆಡಿಸುತ್ತದೆ. ಬಿಳಿ ಚಿಪ್ಪಿಗೆ ಇದು ಸುಲಭ, ನಾಟಿಯ ಕಂದು ಚಿಪ್ಪಿಗೆ ಕಣ್ಣು ಪಳಗಬೇಕು.

18ನೇ ದಿನ ಆದ ಮೇಲೆ ಮುಟ್ಟಲೇಬೇಡಿ. 20ನೇ ದಿನ ಗೂಡಿನ ಹತ್ತಿರ ಕಿವಿ ಕೊಟ್ಟರೆ ಚಿಪ್ಪಿನ ಒಳಗಿಂದಲೇ ಚಿಂವ್ ಚಿಂವ್ ಕೇಳುತ್ತದೆ, ಹೇಟೆ ಕೆಳದನಿಯಲ್ಲಿ ಕ್ಲುಕ್ ಕ್ಲುಕ್ ಅಂತ ಉತ್ತರ ಕೊಡುತ್ತಾ ಇರುತ್ತದೆ. ಚಿಪ್ಪಿನಲ್ಲಿ ಮೊದಲ ತೂತು ಬಿದ್ದಾಗಿನಿಂದ ಮರಿ ಹೊರಗೆ ಬರೋಕೆ ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಪಾಪ ಅಂತ ಚಿಪ್ಪು ಬಿಡಿಸಬೇಡಿ. ಆ ಹೊತ್ತಲ್ಲಿ ಮರಿ ಮೊಟ್ಟೆಯಲ್ಲಿ ಉಳಿದ ಹಳದಿ ಭಂಡಾರವನ್ನ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಚಿಪ್ಪಿನ ಪೊರೆಯಲ್ಲಿ ಇನ್ನೂ ರಕ್ತ ಇರುತ್ತದೆ. ಆ ಭಂಡಾರದ ಬಲದಿಂದಲೇ ಹುಟ್ಟಿದ ಮೇಲೆ ಒಂದು ದಿನ ಏನೂ ತಿನ್ನದಿದ್ದರೂ ನಡೆಯುತ್ತದೆ.

ಮರಿಗೆ ಸ್ಟಾರ್ಟರ್ ಫೀಡೇ (ಎಳೆ ಮರಿಗಳ ಮೇವು) ಕೊಡಬೇಕು, ಲೇಯರ್ ಫೀಡ್ ಬೇಡ. ಲೇಯರ್‌ನಲ್ಲಿರುವ ಸುಣ್ಣದಂಶ ಮರಿಯ ಕಿಡ್ನಿ ತಡೆಯಲ್ಲ. ತಾಯಿ ಜೊತೆಗೇ ತಿನ್ನುತ್ತದಲ್ಲ, ಏನು ಮಾಡೋದು ಅಂತ ಕೇಳ್ತಾರೆ. ಸುಲಭ, ತಾಯಿಗೂ ಸ್ಟಾರ್ಟರ್ ಹಾಕಿ. ಮರಿ ಜೊತೆ ಇರುವಷ್ಟು ದಿನ ಅದು ಮೊಟ್ಟೆ ಇಡಲ್ಲ, ಅದಕ್ಕೆ ಸುಣ್ಣ ಬೇಕಾಗಲ್ಲ. ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಿಡಿ, ಮರಿ ಬಿದ್ದು ನೆನೆಯಬಾರದು. ನೆಲ ಒಣಗಿರಲಿ, ಭತ್ತದ ಹೊಟ್ಟು ಹಾಕಿ ಒದ್ದೆಯಾದದ್ದನ್ನ ಆಗಾಗ ತೆಗೆಯಿರಿ. ಒದ್ದೆ ನೆಲದಲ್ಲೇ ಕರುಳಿಗೆ ರೋಗ ತರುವ ಕಾಕ್ಸಿಡಿಯಾ ಅನ್ನೋ ಕ್ರಿಮಿ ಬೆಳೆಯೋದು. ಹಿಕ್ಕೆಯಲ್ಲಿ ರಕ್ತ, ಮರಿ ರೆಕ್ಕೆ ಇಳಿಬಿಟ್ಟು ಮುದುಡಿ ನಿಂತರೆ ತಡ ಮಾಡದೆ ಪಶು ಆಸ್ಪತ್ರೆಗೆ ಹೋಗಿ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ. ಮೊದಲ ವಾರದಲ್ಲಿ ಲಸೋಟಾ ಅನ್ನೋ ಲಸಿಕೆ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರ ಮತ್ತೆ, ಎಂಟನೇ ವಾರದ ಹೊತ್ತಿಗೆ ಆರ್2ಬಿ ಅನ್ನೋ ಚುಚ್ಚುಮದ್ದು. ತಾಯಿ ಕೋಳಿ ಎಷ್ಟು ಒಳ್ಳೆಯದಾದರೂ ಈ ರೋಗದಿಂದ ಕಾಪಾಡೋಕಾಗಲ್ಲ, ಬಂದರೆ ಗೂಡಿಗೆ ಗೂಡೇ ಖಾಲಿ. ಸಣ್ಣ ಬಾಟಲಿಯಲ್ಲೂ ನೂರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ನಮ್ಮ ಬಡಾವಣೆಯಲ್ಲಿ ಕೋಳಿ ಇರುವ ಮನೆಯವರೆಲ್ಲ ಸೇರಿ ಒಂದೇ ದಿನ ಹಾಕಿಸುತ್ತೇವೆ. ಐಸ್ ತುಂಬಿದ ಫ್ಲಾಸ್ಕು ಮನೆಯಿಂದ ಮನೆಗೆ ಹೋಗುತ್ತದೆ.

ಮರಿ ಹೊರಗೆ ಬಿಟ್ಟ ಮೇಲೆ ಹದ್ದಿನ ಭಯ, ಬೆಂಗಳೂರಲ್ಲಂತೂ ಆಕಾಶದ ತುಂಬ ಹದ್ದು. ಮೇಲೆ ಬಲೆ ಕಟ್ಟಿದ್ದೇನೆ. ರಾತ್ರಿ ಬರುವ ಹೆಗ್ಗಣಕ್ಕೆ ಗೂಡಿನ ಸುತ್ತ ಅರ್ಧ ಇಂಚಿನ ಕಬ್ಬಿಣದ ಮೆಶ್ಶು, ಅದನ್ನ ಒಂದಡಿ ನೆಲದೊಳಗೂ ಇಳಿಸಿದ್ದೇನೆ. ಮಾಮೂಲಿ ಕೋಳಿ ಮೆಶ್ಶಿನ ತೂತಲ್ಲಿ ಹೆಗ್ಗಣದ ಮರಿ ಆರಾಮಾಗಿ ತೂರುತ್ತದೆ.

ಎಳೆ ಹುಂಜಗಳು ಮೂರ್ನಾಲ್ಕು ತಿಂಗಳಿಗೆ ಕೂಗೋಕೆ ಶುರು ಮಾಡುತ್ತವೆ. ಅಕ್ಕಪಕ್ಕದವರು ಒಂದು ಹುಂಜದ ಕೂಗು ಸಹಿಸಿಕೊಳ್ಳುತ್ತಾರೆ, ಐದಾರು ಅಂದರೆ ನ್ಯಾಯ ಅಲ್ಲ ಅಲ್ವಾ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಎಲ್ಲಿಲ್ಲದ ಬೇಡಿಕೆ. ಹಾಗಾಗಿ ನವೆಂಬರ್ ಡಿಸೆಂಬರಿನಲ್ಲಿ ಮರಿ ಬರುವ ಹಾಗೆ ನೋಡಿಕೊಂಡರೆ ಅಷ್ಟು ಹೊತ್ತಿಗೆ ಸರಿಹೋಗುತ್ತದೆ. ಆ ತಿಂಗಳ ರಾತ್ರಿ ಚಳಿಗೆ ತಾಯಿಯ ರೆಕ್ಕೆ ಸಾಕು.

ದೊಡ್ಡ ಹುಂಜವನ್ನ ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ತನ್ನ ಮಕ್ಕಳನ್ನೇ ಕೂಡಿದರೆ ತಲೆಮಾರಿಂದ ತಲೆಮಾರಿಗೆ ಮರಿಯಾಗೋದು ಕಡಿಮೆಯಾಗುತ್ತದೆ, ಹುಟ್ಟಿದ್ದು ಸೊರಗುತ್ತದೆ. ಮಾಗಡಿಯಲ್ಲಿ ಅತ್ತೆಯ ತಮ್ಮನ ಮನೆಯ ಹುಂಜ ಇಲ್ಲಿಗೆ, ನಮ್ಮದು ಅಲ್ಲಿಗೆ. ಹೊಸದನ್ನ ತಂದ ಕೂಡಲೇ ಮೊಟ್ಟೆ ಕೂಡಿಡಬೇಡಿ. ಹಳೇ ಹುಂಜ ಹೋದ ಮೇಲೂ ಎರಡು ವಾರ, ಒಮ್ಮೊಮ್ಮೆ ಅದಕ್ಕೂ ಜಾಸ್ತಿ, ಹೇಟೆ ಅದರ ಮರಿಯಾಗುವ ಮೊಟ್ಟೆಯನ್ನೇ ಇಡುತ್ತಿರುತ್ತದೆ. ಹೊಸ ಹುಂಜವನ್ನೂ ಮೊದಲು ಎರಡು ಮೂರು ವಾರ ಬೇರೆ ಗೂಡಲ್ಲಿಟ್ಟು, ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಹಿಂಡಿಗೆ ಬಿಡಿ. ಅಷ್ಟು ದಿನದ ಮೊಟ್ಟೆ ಎಲ್ಲ ಸಾರಿಗೆ, ಆಮ್ಲೆಟ್ಟಿಗೆ.