ಎಫ್1 ಸ್ಟೀರಿಂಗ್ ವೀಲ್ ಓದೋದು ಹೇಗೆ: ಯಾವ ಬಟನ್, ಯಾವಾಗ

ಎಫ್1 (ಫಾರ್ಮುಲಾ 1 ರೇಸ್) ಕಾರಿನ ಸ್ಟೀರಿಂಗ್ ವೀಲ್ ಫೋಟೋ ಕಂಡ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಬಟನ್ ಎಣಿಸೋದು. ಇಪ್ಪತ್ತೋ ಇಪ್ಪತ್ತೈದೋ ಅಂತ ಲೆಕ್ಕ ಸಿಗುತ್ತೆ, ತಲೆ ತಿರುಗುತ್ತೆ, ಅಲ್ಲಿಗೆ ಬಿಟ್ಟುಬಿಡ್ತೀವಿ. ಯಾವ ಬಟನ್ ಏನು ಮಾಡುತ್ತೆ ಅಂತ ಪಟ್ಟಿ ಬಾಯಿಪಾಠ ಮಾಡಿದರೂ ರೇಸ್ ನೋಡುವಾಗ ಅದು ಕೈಗೆ ಬರಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಇದನ್ನು ಡ್ರೈವರ್ ಯಾವಾಗ ಒತ್ತುತ್ತಾರೆ? ಆಗ ಅವರಿಗೆ ಎಷ್ಟು ಸಮಯ ಇರುತ್ತೆ? ಈ ಎರಡನ್ನು ಹಿಡಿದುಕೊಂಡು ನೋಡಿ, ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತೆ.

ಆನ್‌ಬೋರ್ಡ್ ಕ್ಯಾಮೆರಾದಲ್ಲಿ ಡ್ರೈವರ್ ಹೆಬ್ಬೆರಳು ಏನು ಮಾಡ್ತಿದೆ ಅಂತ ಅರ್ಥ ಆಗಬೇಕು ಅನ್ನುವವರಿಗೆ, ಮನೆಯಲ್ಲಿ ರೇಸಿಂಗ್ ಗೇಮ್‌ಗೆ ಸಿಮ್ ವೀಲ್ ಹಾಕಿಕೊಂಡು ಓಡಿಸುವವರಿಗೆ, ಇಬ್ಬರಿಗೂ ಈ ಬರಹ. ಕಲಿಯುವ ದಾರಿ ಎರಡಕ್ಕೂ ಒಂದೇ.

ಇಷ್ಟೆಲ್ಲ ಅಲ್ಲೇ ಯಾಕಿದೆ

ಕಾರಣ ನಿಯಮದಲ್ಲಿದೆ. ಕಾರಿನಲ್ಲಿರುವ ನೂರಾರು ಸೆನ್ಸರ್‌ಗಳಿಂದ ಮಾಹಿತಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ತಂಡ ಕೂರುವ ಜಾಗಕ್ಕೆ, ಬರ್ತಾನೇ ಇರುತ್ತೆ. ಎಂಜಿನ್ ಎಷ್ಟು ಬಿಸಿಯಾಗಿದೆ, ಟಯರ್‌ನಲ್ಲಿ ಗಾಳಿ ಎಷ್ಟಿದೆ, ಬ್ರೇಕ್ ಎಷ್ಟು ಕಾದಿದೆ, ಎಲ್ಲ ಎಂಜಿನಿಯರ್‌ಗೆ ಕಾಣುತ್ತೆ. ಆದರೆ ಅಲ್ಲಿ ಕೂತು ಕಾರಿನ ಒಂದು ಸೆಟ್ಟಿಂಗ್ ಕೂಡ ಬದಲಾಯಿಸುವ ಹಾಗಿಲ್ಲ. 2003ರಲ್ಲೇ ಅದನ್ನು ನಿಷೇಧ ಮಾಡಿದರು. ಎಂಜಿನಿಯರ್ ರೇಡಿಯೊದಲ್ಲಿ ಹೇಳಬಹುದು ಅಷ್ಟೇ, ತಿರುಗಿಸೋದು ಡ್ರೈವರ್ ಬೆರಳೇ.

ಇದರ ಜೊತೆ ಇನ್ನೆರಡು ನಿಷೇಧ ಸೇರಿಸಿ. ನಮ್ಮ ರಸ್ತೆ ಕಾರುಗಳಲ್ಲಿ ಇರುವ ಎಬಿಎಸ್ ಎಫ್1 ಕಾರಿನಲ್ಲಿ ಇಲ್ಲ. ಟ್ರಾಕ್ಷನ್ ಕಂಟ್ರೋಲ್ 2008ರಲ್ಲಿ ಹೋಯಿತು. ಚಕ್ರ ಲಾಕ್ ಆಗದ ಹಾಗೆ, ಸುಮ್ನೆ ಸುತ್ತದ ಹಾಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವನ್ನು ಇಲ್ಲಿ ಮನುಷ್ಯ ಪ್ರತಿ ತಿರುವಿಗೂ ಮುಂಚೆ ಕೈಯಾರೆ ಹೊಂದಿಸಬೇಕು. ವೀಲ್ ಮೇಲಿನ ಹಲವು ಸ್ವಿಚ್‌ಗಳ ಕೆಲಸ ಇದೇ.

2016ರಲ್ಲಿ ರೇಡಿಯೊದಲ್ಲಿ ಹೇಳಿಕೊಡೋದಕ್ಕೂ ಕಡಿವಾಣ ಹಾಕಿದರು. ಆ ವರ್ಷ ಅಜರ್‌ಬೈಜಾನ್‌ನ ಬಾಕುವಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕಾರು ತಪ್ಪು ಎಂಜಿನ್ ಮೋಡ್‌ನಲ್ಲಿ ಸಿಕ್ಕಿಕೊಂಡಿತು. ತಂಡಕ್ಕೆ ಉತ್ತರ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಜಗತ್ತಿನ ಅತಿ ಅನುಭವಿ ಡ್ರೈವರ್‌ಗಳಲ್ಲಿ ಒಬ್ಬರು, ಗೋಡೆಗಳ ಮಧ್ಯೆ ಓಡಿಸುತ್ತಾ, ಸರಿಯಾದ ಸ್ವಿಚ್ ಯಾವುದು ಅಂತ ಹುಡುಕುತ್ತಾ ಲ್ಯಾಪ್ ಮೇಲೆ ಲ್ಯಾಪ್ ಕಳೆದರು. ಅದೇ ತಂಡದ ನಿಕೋ ರಾಸ್‌ಬರ್ಗ್‌ಗೂ ಅದೇ ತೊಂದರೆ ಬಂದಿತ್ತು, ಅವರಿಗೆ ಬೇಗ ಸಿಕ್ಕಿತು, ರೇಸೂ ಗೆದ್ದರು. ಹ್ಯಾಮಿಲ್ಟನ್ ಐದನೆಯವರಾದರು. ಜುಲೈ ಕೊನೆಗೆ ಜರ್ಮನ್ ರೇಸ್ ಬರುವಷ್ಟರಲ್ಲಿ ಆ ನಿರ್ಬಂಧ ಬಹುಮಟ್ಟಿಗೆ ತೆಗೆದುಹಾಕಿದರು. ಸರಿಯಾಗೇ ಮಾಡಿದರು ಅಂತ ನನ್ನ ಅಭಿಪ್ರಾಯ.

ಹಿಂಭಾಗದಿಂದ ಶುರು ಮಾಡಿ

ಫೋಟೋಗಳಲ್ಲಿ ವೀಲ್‌ನ ಮುಂಭಾಗವೇ ಕಾಣೋದು. ನೀವು ಹಿಂಭಾಗದಿಂದ ಶುರು ಮಾಡಿ, ಅತಿ ಹೆಚ್ಚು ಕೆಲಸ ಅಲ್ಲೇ ಆಗೋದು. ಬಲಗಡೆ ಪ್ಯಾಡಲ್ ಎಳೆದರೆ ಮೇಲಿನ ಗೇರ್, ಎಡಗಡೆ ಎಳೆದರೆ ಕೆಳಗಿನ ಗೇರ್. ಇದನ್ನು ಎಫ್1ಗೆ ತಂದಿದ್ದು ಫೆರಾರಿ, 1989ರಲ್ಲಿ. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಆ ಕಾರನ್ನು ನೈಜೆಲ್ ಮ್ಯಾನ್ಸೆಲ್ ಬ್ರೆಜಿಲ್‌ನಲ್ಲಿ ಮೊದಲ ರೇಸ್‌ನಲ್ಲೇ ಗೆಲ್ಲಿಸಿದರು. ಗೇರ್ ಕೋಲು ಹೋದ ಮೇಲೆ ಕೈ ವೀಲ್ ಬಿಟ್ಟು ಹೋಗುವ ಕಾರಣವೇ ಉಳಿಯಲಿಲ್ಲ. ಮುಂದೆ ಬಂದ ಪ್ರತಿ ಸ್ವಿಚ್ ಕೂಡ ವೀಲ್ ಮೇಲೆ ಬಂದು ಕೂರೋದಕ್ಕೆ ದಾರಿ ಆಗಿದ್ದು ಅದೇ.

ಕ್ಲಚ್ ಪ್ಯಾಡಲ್ ಕೂಡ ಹಿಂದೆಯೇ ಇರುತ್ತೆ, ಗೇರ್ ಪ್ಯಾಡಲ್ ಕೆಳಗೆ. ಅದರ ಕೆಲಸ ಇರೋದು ಮುಖ್ಯವಾಗಿ ಸ್ಟಾರ್ಟ್‌ನಲ್ಲಿ, ಪಿಟ್‌ನಿಂದ ಹೊರಡುವಾಗ, ಕಾರು ಸುತ್ತಿ ನಿಂತಾಗ. ಐದು ಕೆಂಪು ದೀಪ ಆರಿದ ಕ್ಷಣ ಪ್ಯಾಡಲನ್ನು ಎಷ್ಟು ಬಿಟ್ಟರೆ ಚಕ್ರ ಹಿಡಿಯುತ್ತೆ ಅನ್ನೋ ಅಂದಾಜು ಬೆರಳ ತುದಿಯಲ್ಲೇ ಇರಬೇಕು. ಸ್ವಲ್ಪ ಜಾಸ್ತಿ ಬಿಟ್ಟರೆ ಹಿಂದಿನ ಚಕ್ರ ಸುತ್ತುತ್ತೆ, ಕಡಿಮೆ ಬಿಟ್ಟರೆ ಹಿಂದಿನವರು ಮುಂದೆ ಹೋಗ್ತಾರೆ.

ಹೆಬ್ಬೆರಳಿಗೆ ಸಿಗುವವು

ಈಗ ಮುಂಭಾಗ. ಹಿಡಿಯ ಪಕ್ಕದಲ್ಲೇ, ಕೈ ಕದಲಿಸದೆ ಹೆಬ್ಬೆರಳು ಮುಟ್ಟುವ ಬಟನ್‌ಗಳನ್ನು ಮೊದಲು ನೋಡಿ. ತುರ್ತಾಗಿ ಬೇಕಾಗುವವು, ಪದೇ ಪದೇ ಬೇಕಾಗುವವು ಸಾಮಾನ್ಯವಾಗಿ ಇಲ್ಲೇ ಇರುತ್ತವೆ. ರೇಡಿಯೊ ಬಟನ್, ಓವರ್‌ಟೇಕ್ ಬಟನ್, ಪಿಟ್ ಲಿಮಿಟರ್, ನ್ಯೂಟ್ರಲ್, ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಕ್ಕೆ ಬ್ರೇಕ್ ಬಲದ ಹಂಚಿಕೆ) ಹೆಚ್ಚು ಕಡಿಮೆ ಮಾಡುವ ಜೋಡಿ. ಯಾವುದು ಎಲ್ಲಿರಬೇಕು ಅನ್ನೋದು ತಂಡದಿಂದ ತಂಡಕ್ಕೆ, ಒಂದೇ ತಂಡದಲ್ಲೂ ಡ್ರೈವರ್‌ನಿಂದ ಡ್ರೈವರ್‌ಗೆ ಬದಲಾಗುತ್ತೆ. ಹಾಗಾಗಿ ಜಾಗ, ಬಣ್ಣ ನೆನಪಿಟ್ಟುಕೊಳ್ಳಬೇಡಿ.

ಪಿಟ್ ಲಿಮಿಟರ್ ಸುಲಭ. ಪಿಟ್ ಲೇನ್‌ನಲ್ಲಿ ಹೆಚ್ಚಿನ ಕಡೆ ಗಂಟೆಗೆ 80 ಕಿ.ಮೀ. ಮಿತಿ, ಮೊನಾಕೊದಂಥ ಇಕ್ಕಟ್ಟಿನ ಕಡೆ 60. ಗೆರೆ ದಾಟುವ ಮುಂಚೆ ಒತ್ತಿದರೆ ಕಾರಿನ ವೇಗ ಅದನ್ನು ಮೀರಲ್ಲ, ಹೊರಗೆ ಬರುವಾಗ ಮತ್ತೆ ಒತ್ತಬೇಕು. ಡ್ರಿಂಕ್ ಬಟನ್ ಒತ್ತಿದರೆ ಹೆಲ್ಮೆಟ್ ಒಳಗಿನ ನಳಿಕೆಗೆ ನೀರು ಬರುತ್ತೆ. ಕೆಲವು ವೀಲ್‌ಗಳಲ್ಲಿ ಮಾರ್ಕ್ ಅಂತ ಒಂದು ಬಟನ್ ಇರುತ್ತೆ. ಏನೋ ಸರಿಯಿಲ್ಲ ಅನ್ನಿಸಿದ ಕ್ಷಣ ಒತ್ತಿದರೆ ಡೇಟಾದಲ್ಲಿ ಆ ಜಾಗಕ್ಕೆ ಗುರುತು ಬೀಳುತ್ತೆ, ಎಂಜಿನಿಯರ್ ಅದನ್ನೇ ತೆರೆದು ನೋಡ್ತಾರೆ. ನನಗೆ ತುಂಬಾ ಇಷ್ಟವಾದ ಬಟನ್ ಇದು.

ಒಂದು ಬಟನ್ ಹತ್ತಿರದಿಂದ ನೋಡಿ. ಸುತ್ತ ಚಿಕ್ಕ ಕಟ್ಟೆ ಇರುತ್ತೆ, ಗ್ಲೋಸ್ ತಾಗಿ ತಾನಾಗೇ ಒತ್ತಿಕೊಳ್ಳಬಾರದು ಅಂತ. ಒತ್ತಿದರೆ ಟಕ್ ಅಂತ ಗಟ್ಟಿಯಾಗಿ ತಗ್ಗುತ್ತೆ. ತಿರುಗಿಸುವ ನಾಬ್‌ಗಳೂ ಹಾಗೇ, ಒಂದೊಂದು ಹಲ್ಲು ದಾಟಿದ್ದೂ ಗ್ಲೋಸ್ ಒಳಗಿನ ಬೆರಳಿಗೆ ಗೊತ್ತಾಗಬೇಕು. ಗಂಟೆಗೆ 300 ಕಿ.ಮೀ. ಅಂದರೆ ಸೆಕೆಂಡಿಗೆ 83 ಮೀಟರ್. ಒಂದು ಸೆಕೆಂಡ್ ಕಣ್ಣು ಕೆಳಗೆ ಹಾಕಿದರೆ ಅಷ್ಟು ದೂರ ಕುರುಡಾಗಿ ಹೋದ ಹಾಗೆ. ಅದಕ್ಕೇ ಇಡೀ ವೀಲ್ ಬೆರಳಿಗಾಗಿ ಮಾಡಿದ್ದು.

ಇಷ್ಟಾದರೂ ಎಡವಟ್ಟು ಆಗುತ್ತೆ. 2021ರ ಬಾಕು ರೇಸ್, ಕೊನೆಗೆ ಎರಡೇ ಲ್ಯಾಪ್ ಬಾಕಿ ಇದ್ದಾಗ ಮತ್ತೆ ಸ್ಟಾರ್ಟ್. ಹ್ಯಾಮಿಲ್ಟನ್‌ಗೆ ಒಳ್ಳೇ ಸ್ಟಾರ್ಟ್ ಸಿಕ್ಕಿತು, ಮುಂದಿದ್ದ ಸೆರ್ಜಿಯೊ ಪೆರೆಜ್ ಕಾರಿನ ಪಕ್ಕಕ್ಕೆ ಬಂದರು. ಆದರೆ ಮೊದಲ ತಿರುವಿನಲ್ಲಿ ಮುಂದಿನ ಟಯರ್‌ಗಳಿಂದ ಹೊಗೆ ಬಂತು, ಕಾರು ನೇರ ಹೋಗಿಬಿಟ್ಟಿತು. ಆಗಿದ್ದೇನು ಅಂದರೆ, ಆ ಗಡಿಬಿಡಿಯಲ್ಲಿ ಅವರ ಕೈ ಬ್ರೇಕ್ ಮ್ಯಾಜಿಕ್ ಅನ್ನೋ ಸ್ವಿಚ್‌ಗೆ ತಗುಲಿತ್ತು. ನಿಧಾನವಾಗಿ ಹೋಗುವಾಗ ಮುಂದಿನ ಬ್ರೇಕ್ ಮತ್ತು ಟಯರ್ ಬಿಸಿ ಮಾಡೋದಕ್ಕೆ ಬ್ರೇಕ್ ಬಲವನ್ನೆಲ್ಲ ಹೆಚ್ಚುಕಮ್ಮಿ ಮುಂದಕ್ಕೆ ತಳ್ಳುವ ಸೆಟ್ಟಿಂಗ್ ಅದು. ಅವರು 15ನೇ ಸ್ಥಾನದಲ್ಲಿ ಮುಗಿಸಿದರು. ಆ ವರ್ಷದ ಚಾಂಪಿಯನ್‌ಶಿಪ್ ಕೈತಪ್ಪಿದ್ದು 8 ಪಾಯಿಂಟ್‌ನಿಂದ.

ಬ್ರೇಕ್ ಬಯಾಸ್: ಒಂದೇ ಕಲಿಯೋದಾದರೆ ಇದು

ಬ್ರೇಕ್ ಒತ್ತಿದಾಗ ಆ ಬಲದಲ್ಲಿ ಮುಂದಿನ ಚಕ್ರಕ್ಕೆ ಎಷ್ಟು ಪಾಲು, ಹಿಂದಿನದಕ್ಕೆ ಎಷ್ಟು ಅನ್ನೋದೇ ಬ್ರೇಕ್ ಬಯಾಸ್. ವೀಲ್ ಮೇಲಿನ ಸ್ಕ್ರೀನ್‌ನಲ್ಲಿ 56, 57 ಹೀಗೆ ಸಂಖ್ಯೆ ಕಂಡರೆ ಅದು ಮುಂದಿನ ಪಾಲು, ಶೇಕಡಾದಲ್ಲಿ.

ಓದುವ ರೀತಿ ಇಷ್ಟೇ. ಬ್ರೇಕ್ ಹಾಕಿದಾಗ ಮುಂದಿನ ಟಯರ್ ಲಾಕ್ ಆಗಿ ಹೊಗೆ ಬಂದರೆ ಮುಂದೆ ಬಲ ಜಾಸ್ತಿಯಾಗಿದೆ, ಬಯಾಸ್ ಹಿಂದಕ್ಕೆ ತನ್ನಿ. ಕಾರಿನ ಹಿಂಭಾಗ ಅಲ್ಲಾಡಿದರೆ, ಹಿಂದಿನ ಚಕ್ರ ಜಾರಿದರೆ, ಮುಂದಕ್ಕೆ ಕೊಡಿ. ಜೋರು ವೇಗದಿಂದ ನೇರವಾಗಿ ಬ್ರೇಕ್ ಹಾಕುವ ಕಡೆ ಮುಂದಕ್ಕೆ ಇದ್ದರೆ ಕಾರು ನೆಟ್ಟಗಿರುತ್ತೆ. ನಿಧಾನದ ಹೇರ್‌ಪಿನ್‌ನಲ್ಲಿ, ಅಂದರೆ ಪೂರ್ತಿ ಹಿಂದಕ್ಕೆ ತಿರುಗುವ ತಿರುವಿನಲ್ಲಿ, ಸ್ವಲ್ಪ ಹಿಂದಕ್ಕೆ ಇದ್ದರೆ ಮೂತಿ ಬೇಗ ತಿರುಗುತ್ತೆ. ಹಾಗಾಗಿ ಒಂದೇ ಲ್ಯಾಪ್‌ನಲ್ಲಿ ಹಲವು ಸಲ ಬದಲಾಯಿಸುತ್ತಾರೆ. ರೇಸ್ ಉದ್ದಕ್ಕೂ ಇಂಧನ ಖಾಲಿಯಾಗ್ತಾ ಕಾರು ಹಗುರ ಆಗುತ್ತೆ, ಟಯರ್ ಸವೆಯುತ್ತೆ, ಶುರುವಿನಲ್ಲಿ ಸರಿಯಿದ್ದ ಸಂಖ್ಯೆ ಕೊನೆಗೆ ಸರಿಯಿರಲ್ಲ.

ಇನ್ನೊಂದು ಸಿಕ್ಕು ಇದೆ. 2014ರಿಂದ ಹಿಂದಿನ ಚಕ್ರ ನಿಧಾನ ಮಾಡುವ ಕೆಲಸದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಮೋಟರ್ ಕೂಡ ಪಾಲು ತೆಗೆದುಕೊಳ್ಳುತ್ತೆ. ಬ್ಯಾಟರಿ ತುಂಬಿದಾಗ ಅದರ ಎಳೆತ ಬದಲಾಗುತ್ತೆ. ಅದನ್ನು ಸರಿದೂಗಿಸಲು ಹಿಂದಿನ ಬ್ರೇಕನ್ನು ಕಂಪ್ಯೂಟರ್ ನಿಯಂತ್ರಿಸುತ್ತೆ. ಎಂಜಿನ್ ಬ್ರೇಕಿಂಗ್ ಅನ್ನುವ ಪ್ರತ್ಯೇಕ ಸ್ವಿಚ್ ಕೂಡ ಇದೇ ಸಂಸಾರದ್ದು. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನ ಚಕ್ರವನ್ನು ಎಂಜಿನ್ ಎಷ್ಟು ತಡೆದು ಹಿಡಿಯಬೇಕು ಅಂತ ಅದು ಹೇಳುತ್ತೆ.

ಡಿಫರೆನ್ಷಿಯಲ್ ಮತ್ತು ನಡುವಿನ ದೊಡ್ಡ ನಾಬ್

ಎರಡು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತೋದಕ್ಕೆ ಬಿಡುವ ಭಾಗ ಡಿಫರೆನ್ಷಿಯಲ್. ಅದಕ್ಕೆ ಸಾಮಾನ್ಯವಾಗಿ ಮೂರು ಹೊಂದಾಣಿಕೆ: ತಿರುವಿಗೆ ನುಗ್ಗುವಾಗ, ಮಧ್ಯದಲ್ಲಿ, ಹೊರಬರುವಾಗ. ಎರಡೂ ಹಿಂದಿನ ಚಕ್ರಗಳನ್ನು ಬಿಗಿಯಾಗಿ ಜೊತೆಗೆ ಸುತ್ತಿಸಿದರೆ ನುಗ್ಗುವಾಗ ಕಾರು ಅಲ್ಲಾಡಲ್ಲ, ಆದರೆ ಮಧ್ಯದಲ್ಲಿ ತಿರುಗೋದಕ್ಕೆ ಹಟ ಮಾಡುತ್ತೆ. ಸಡಿಲ ಬಿಟ್ಟರೆ ಉಲ್ಟಾ. ಬಯಾಸ್ ಚೆನ್ನಾಗಿ ಕೈಗೆ ಬರುವ ತನಕ ಇದನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ.

ವೀಲ್‌ನ ಕೆಳಭಾಗದಲ್ಲಿ, ನಡುವೆ ಇರುವ ನಾಬ್‌ಗಳು ಬೇರೆ ಜಾತಿ. ಅವಕ್ಕೆ ಹಿಡಿ ಸಡಿಲ ಮಾಡಿ ಕೈ ಸರಿಸಬೇಕು, ಅಂದರೆ ನೇರ ರಸ್ತೆ ಬೇಕು. ಎಂಜಿನ್ ಮೋಡ್, ಬ್ಯಾಟರಿ ಶಕ್ತಿ ಎಲ್ಲಿ ಖರ್ಚು ಮಾಡಬೇಕು ಅನ್ನೋ ಲೆಕ್ಕ, ಯಾವ ಟಯರ್ ಹಾಕಿದೆ ಅನ್ನೋ ಮಾಹಿತಿ ಇಲ್ಲಿಂದ ಹೋಗುತ್ತೆ. ಸೆನ್ಸರ್ ಕೆಟ್ಟರೆ ಅದನ್ನು ಲೆಕ್ಕದಿಂದ ಬಿಡಿಸೋದೂ ಇಲ್ಲಿಂದಲೇ. ರೇಡಿಯೊದಲ್ಲಿ ಎಂಜಿನಿಯರ್ ಒಂದು ಹೆಸರು, ಒಂದು ಸಂಖ್ಯೆ ಹೇಳೋದು ಕೇಳಿದ್ದೀರಲ್ವಾ, ಅದು ಈ ನಾಬ್‌ಗೇ. ಮರ್ಸಿಡಿಸ್ ವೀಲ್‌ನಲ್ಲಿ +10, +1 ಅಂತ ಎರಡು ಬಟನ್ ಕಾಣುತ್ತವೆ. 21 ಬೇಕಾದರೆ ಹತ್ತರದ್ದು ಎರಡು ಸಲ, ಒಂದರದ್ದು ಒಂದು ಸಲ. ಇಪ್ಪತ್ತೊಂದು ಸಲ ಒತ್ತುವ ಕಷ್ಟ ಇಲ್ಲ.

ಮನೆಯ ವೀಲ್‌ನಲ್ಲಿ ಅಭ್ಯಾಸ

ಲಾಜಿಟೆಕ್ ಜಿ29 ಥರದ ವೀಲ್ ಸಾಕು. ಮೊದಲು ಗೇಮ್‌ನಲ್ಲಿ ಎಬಿಎಸ್ ಸಹಾಯ ಆಫ್ ಮಾಡಿ, ಅದು ಆನ್ ಇದ್ದರೆ ಬಯಾಸ್ ಬದಲಾಯಿಸಿದ್ದು ಗೊತ್ತೇ ಆಗಲ್ಲ. ಆಮೇಲೆ ಕಂಟ್ರೋಲ್ ಸೆಟ್ಟಿಂಗ್‌ಗೆ ಹೋಗಿ ಬ್ರೇಕ್ ಬಯಾಸ್ ಮುಂದೆ, ಹಿಂದೆ ಅನ್ನೋ ಎರಡು ಕಮಾಂಡ್‌ಗಳನ್ನು ಹೆಬ್ಬೆರಳಿಗೆ ಸಿಗುವ ಬಟನ್‌ಗಳಿಗೆ ಕೊಡಿ. ಮೆನು ತೆರೆದು ಹುಡುಕಿ ಬದಲಾಯಿಸೋದು ಓಡಿಸುವಾಗ ಆಗದ ಮಾತು. ಜಿ29ರಲ್ಲಿ ಬಲಗಡೆ ಕೆಳಗೆ ಕೆಂಪು ಉಂಗುರದ 24 ಹಲ್ಲಿನ ಡಯಲ್ ಇದೆ. ಅದಕ್ಕೆ ಕೈ ಸರಿಸಬೇಕು, ಹಾಗಾಗಿ ನೇರ ರಸ್ತೆಯಲ್ಲಿ ಮಾತ್ರ ಬೇಕಾಗುವ ಕೆಲಸ ಅದಕ್ಕೆ ಕೊಡಿ. ಪಿಟ್ ಲಿಮಿಟರನ್ನು ಬಯಾಸ್ ಪಕ್ಕದಲ್ಲಿ ಇಡಲೇಬೇಡಿ.

ಟ್ರ್ಯಾಕ್ ಇಟಲಿಯ ಮೊಂಜಾ ಆರಿಸಿಕೊಳ್ಳಿ. ಉದ್ದುದ್ದ ನೇರ ರಸ್ತೆ ಇದೆ, ಯೋಚಿಸಲು ಸಮಯ ಸಿಗುತ್ತೆ. ಶುರುವಿನ ಕೆಲವು ಲ್ಯಾಪ್ ಪ್ಯಾಡಲ್ ಬಿಟ್ಟು ಬೇರೇನೂ ಮುಟ್ಟಬೇಡಿ. ಆಮೇಲೆ ಒಂದು ಅಭ್ಯಾಸ: ಮುಖ್ಯ ನೇರ ರಸ್ತೆಯಲ್ಲಿ ಬಯಾಸ್ ಎರಡು ಸಲ ಒತ್ತಿ ಮುಂದಕ್ಕೆ, ಮೊದಲ ಶಿಕೇನ್ (ಎಡ ಬಲ ಬೆನ್ನುಬೆನ್ನಿಗೆ ಬರುವ ತಿರುವುಗಳು) ದಾಟಿದ ಮೇಲೆ ಎರಡು ಸಲ ಒತ್ತಿ ಹಿಂದಕ್ಕೆ. ಸ್ಕ್ರೀನ್ ನೋಡದೆ ಮಾಡಿ, ಒತ್ತುವಾಗ ಸಂಖ್ಯೆ ಬಾಯಿಬಿಟ್ಟು ಹೇಳಿ, ನೇರ ರಸ್ತೆ ಬಂದಾಗ ಒಮ್ಮೆ ಸರಿಯಿದೆಯಾ ಅಂತ ನೋಡಿ. ವೀಲ್ ತಿರುಗಿರುವಾಗ ಒತ್ತಬೇಡಿ. ಲ್ಯಾಪ್ ಸಮಯ ಮೊದಲು ಹಾಳಾಗುತ್ತೆ, ಹಾಳಾಗಲಿ ಬಿಡಿ. ಇದು ಸಲೀಸಾದ ಮೇಲೆ ಮೊನಾಕೊಗೆ ಹೋಗಿ. ಬರೀ 3.337 ಕಿ.ಮೀ. ಟ್ರ್ಯಾಕ್, ಅದರಲ್ಲಿ ಹೆಬ್ಬೆರಳಿಗೆ ಬಿಡುವು ಎಲ್ಲಿ ಸಿಗುತ್ತೆ ಅಂತ ನೀವೇ ಹುಡುಕಬೇಕು.

ನೋಡಿ ಕಲಿಯುವವರು ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 ಸರಣಿಯ ಆನ್‌ಬೋರ್ಡ್‌ನಿಂದ ಶುರು ಮಾಡಿದರೆ ಒಳ್ಳೇದು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊ ಸ್ಪ್ರಿಂಟ್ ರೇಸ್ ಗೆದ್ದಿದ್ದು ಅದೇ ಸರಣಿಯಲ್ಲಿ. ಎಲ್ಲ ತಂಡಕ್ಕೂ ಒಂದೇ ಥರದ ಕಾರು, ಹೈಬ್ರಿಡ್ ವ್ಯವಸ್ಥೆ ಇಲ್ಲ, ಅಂದರೆ ಬ್ಯಾಟರಿ ಸಂಬಂಧದ ಸ್ವಿಚ್‌ಗಳೂ ಇಲ್ಲ. ಕಣ್ಣಿಗೆ ಕೆಲಸ ಕಡಿಮೆ.

ಹಳೇ ಎಫ್1 ವಿಡಿಯೊ ನೋಡುವಾಗ ವರ್ಷ ಗಮನಿಸಿ. 2011ರಿಂದ 2025ರವರೆಗಿನ ಕಾರುಗಳಲ್ಲಿ ಹಿಂದಿನ ರೆಕ್ಕೆ ತೆರೆಯುವ ಡಿಆರ್‌ಎಸ್ ಬಟನ್ ಇರುತ್ತೆ. 2026ರ ನಿಯಮದಲ್ಲಿ ಅದು ಹೋಗಿ, ಮುಂದಿನ ಹಿಂದಿನ ಎರಡೂ ರೆಕ್ಕೆ ಚಲಿಸುವ ವ್ಯವಸ್ಥೆ ಬಂದಿದೆ. ಬ್ಯಾಟರಿಯಿಂದ ಓಡುವ ಮೋಟರ್ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ಹಾಗಾಗಿ ಹೊಸ ಆನ್‌ಬೋರ್ಡ್‌ಗಳಲ್ಲಿ ಬಯಾಸ್ ಅರ್ಥ ಆದ ಮೇಲೆ ಮುಂದೆ ನೋಡಬೇಕಾದ್ದು ಬ್ಯಾಟರಿ ಖರ್ಚಿನ ಬಟನ್, ಡಿಫರೆನ್ಷಿಯಲ್ ಅದರ ಆಮೇಲೆ.